ಬಗ್ಸ್ ಬನ್ನಿ ಮತ್ತೆ ಅಂಗಳಕ್ಕೆ ಇಳಿಯಬೇಕೇ?

ನಡುರಾತ್ರಿ ದಾಟಿದೆ. ಮನೆಯ ಹಿತ್ತಲಲ್ಲಿ ಹುಡುಗನೊಬ್ಬ ಒಂದೇ ಸಮನೆ ಚೆಂಡನ್ನು ಬ್ಯಾಸ್ಕೆಟ್‌ಗೆ ಎಸೆಯುತ್ತಿದ್ದಾನೆ. ಸದ್ದಿಗೆ ಎಚ್ಚರವಾದ ಅಪ್ಪ ಹೊರಗೆ ಬರುತ್ತಾರೆ, ಗದರುವುದಿಲ್ಲ. ಹುಡುಗ ತನ್ನ ಆಸೆಗಳನ್ನು ಒಂದೊಂದಾಗಿ ಬಿಚ್ಚಿಡುತ್ತಾನೆ: ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಬೇಕು, ಎನ್‌ಬಿಎ ಸೇರಬೇಕು, ಅದಾದ ಮೇಲೆ ಅಪ್ಪನ ಹಾಗೆ ಬೇಸ್‌ಬಾಲ್ ಆಡಬೇಕು. ಇಷ್ಟೆಲ್ಲ ಮುಗಿದ ಮೇಲೆ ಹಾರುವುದೂ ಇದೆಯೇನೋ ಎಂದು ಅಪ್ಪ ತಮಾಷೆ ಮಾಡುತ್ತಾರೆ. ಹುಡುಗ ಓಡಿ ಬಂದು ಜಿಗಿಯುತ್ತಾನೆ. ಮರುಕ್ಷಣವೇ ಪರದೆಯ ತುಂಬ ಮೈಕೆಲ್ ಜೋರ್ಡನ್ ಅವರ ನಿಜವಾದ ಆಟದ ತುಣುಕುಗಳು.

1996ರ ನವೆಂಬರ್ 15ರಂದು ಅಮೆರಿಕದಲ್ಲಿ ತೆರೆಕಂಡ ‘ಸ್ಪೇಸ್ ಜ್ಯಾಮ್’ ಶುರುವಾಗುವುದು ಹೀಗೆ. ನಿಜವಾದ ಆಟಗಾರರು ಮತ್ತು ಕೈಯಿಂದ ಬಿಡಿಸಿದ ಕಾರ್ಟೂನ್ ಪಾತ್ರಗಳು ಒಂದೇ ಅಂಗಳದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಈ ಹಾಸ್ಯಚಿತ್ರಕ್ಕೆ ವಾರ್ನರ್ ಬ್ರದರ್ಸ್ ಖರ್ಚು ಮಾಡಿದ್ದು ಸುಮಾರು 8 ಕೋಟಿ ಡಾಲರ್. ಜಗತ್ತಿನಾದ್ಯಂತ ಬಂದದ್ದು 23 ಕೋಟಿ ಡಾಲರ್‌ಗೂ ಹೆಚ್ಚು. ಗೊಂಬೆ, ಟೀ ಶರ್ಟ್, ಊಟದ ಡಬ್ಬಿಗಳ ಮಾರಾಟ ಇದರಲ್ಲಿ ಸೇರಿಲ್ಲ. ಅದರ ಲೆಕ್ಕ ನೂರು ಕೋಟಿ ಡಾಲರ್ ದಾಟುತ್ತದೆ. ಅಂದು ಹತ್ತು ವರ್ಷದವರಾಗಿದ್ದ ಪ್ರೇಕ್ಷಕರಿಗೆ ಈಗ ನಲವತ್ತರ ಆಸುಪಾಸು. ಅವರ ನೆನಪಿಗೆ ಬೆಲೆ ಇದೆ ಎಂದು ಸ್ಟುಡಿಯೊ ನಂಬಿದ್ದರಿಂದಲೇ 2021ರಲ್ಲಿ ಎರಡನೆಯ ಚಿತ್ರ ಬಂತು, ಬಂದು ಸೋತಿತು. ಆದರೂ ಮೂರನೆಯದರ ಮಾತು ನಿಂತಿಲ್ಲ. ನೆನಪಿನಲ್ಲಿ ಉಳಿದಿದೆ ಎಂಬ ಒಂದೇ ಕಾರಣಕ್ಕೆ ಚಿತ್ರವೊಂದಕ್ಕೆ ಮುಂದಿನ ಭಾಗ ಸಲ್ಲಬೇಕೇ? ಇದಕ್ಕೆ ಉತ್ತರ ಹುಡುಕಬೇಕಾದರೆ ಮೊದಲ ಚಿತ್ರ ಗೆದ್ದದ್ದು ಏಕೆ ಎಂದು ನೋಡಬೇಕು.

ಅದರ ಬೀಜ ಇದ್ದದ್ದು ಜಾಹೀರಾತಿನಲ್ಲಿ. 1992ರ ಸೂಪರ್ ಬೌಲ್ ಪಂದ್ಯದ ನಡುವೆ ನೈಕಿ ಕಂಪನಿ ತನ್ನ ಶೂಗಳಿಗಾಗಿ ಒಂದು ಜಾಹೀರಾತು ಪ್ರಸಾರ ಮಾಡಿತು. ಬಗ್ಸ್ ಬನ್ನಿಯನ್ನು ಗೋಳು ಹೊಯ್ದುಕೊಳ್ಳುವ ಪುಂಡರ ಎದುರು ಮೊಲದ ಪರವಾಗಿ ಜೋರ್ಡನ್ ಅಂಗಳಕ್ಕಿಳಿಯುತ್ತಾರೆ. ಜನ ಬಹಳ ಇಷ್ಟಪಟ್ಟರು. ಮರುವರ್ಷ ಮಂಗಳ ಗ್ರಹದ ಮಾರ್ವಿನ್‌ನನ್ನು ಸೇರಿಸಿ ಇನ್ನೊಂದು ಬಂತು. ಈ ಜೋಡಿಯನ್ನು ಸಿನಿಮಾಕ್ಕೆ ಒಯ್ಯಬಹುದು ಎಂದು ಜೋರ್ಡನ್ ಅವರ ಏಜೆಂಟ್ ಡೇವಿಡ್ ಫಾಕ್ ಪಟ್ಟು ಹಿಡಿದರು. ಜಾಹೀರಾತುಗಳನ್ನು ಮಾಡಿದ್ದ ಜೋ ಪಿಟ್ಕಾ ಅವರೇ ಚಿತ್ರದ ನಿರ್ದೇಶಕರಾದರು. ‘ಘೋಸ್ಟ್‌ಬಸ್ಟರ್ಸ್’ ನಿರ್ದೇಶಿಸಿದ್ದ ಐವನ್ ರೈಟ್‌ಮನ್ ನಿರ್ಮಾಪಕರಾದರು.

ಜಾಹೀರಾತಿನಿಂದ ಹುಟ್ಟಿದ ಚಿತ್ರ ಜಾಹೀರಾತಾಗಿಯೇ ಮುಗಿದುಹೋಗಬಹುದಿತ್ತು. ಹಾಗಾಗದಂತೆ ಅದನ್ನು ಕಾದದ್ದು ಜೋರ್ಡನ್ ಅವರ ಬದುಕಿನಲ್ಲಿ ಆಗಷ್ಟೇ ನಡೆದಿದ್ದ ಘಟನೆಗಳು. 1991ರಿಂದ 1993ರವರೆಗೆ ಸತತ ಮೂರು ಸಲ ಶಿಕಾಗೊ ಬುಲ್ಸ್ ತಂಡವನ್ನು ಚಾಂಪಿಯನ್ ಮಾಡಿದ್ದ ಅವರು ಕೀರ್ತಿಯ ತುದಿಯಲ್ಲಿದ್ದರು. 1993ರ ಜುಲೈನಲ್ಲಿ ಅವರ ತಂದೆ ಜೇಮ್ಸ್ ಜೋರ್ಡನ್ ಕೊಲೆಯಾದರು. ಅಕ್ಟೋಬರ್‌ನಲ್ಲಿ ಮಗ ಬ್ಯಾಸ್ಕೆಟ್‌ಬಾಲ್‌ಗೆ ವಿದಾಯ ಹೇಳಿದರು. ಮರುವರ್ಷ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ಎಂಬ ಕೆಳದರ್ಜೆಯ ಬೇಸ್‌ಬಾಲ್ ತಂಡ ಸೇರಿದರು. ಮಗ ಬೇಸ್‌ಬಾಲ್ ಆಡಬೇಕೆಂಬುದು ತಂದೆಯ ಹಳೆಯ ಆಸೆಯಾಗಿತ್ತು. ಜಗತ್ತಿನ ಅತ್ಯುತ್ತಮ ಆಟಗಾರ ಇನ್ನೊಂದು ಆಟದಲ್ಲಿ ಚೆಂಡು ಹೊಡೆಯಲು ತಿಣುಕುವುದನ್ನು ಜನ ಕಣ್ಣಾರೆ ಕಂಡರು. 1995ರ ಮಾರ್ಚ್‌ನಲ್ಲಿ ಅವರು ಮತ್ತೆ ಬುಲ್ಸ್‌ಗೆ ಮರಳಿದರು. ಆದರೆ ಆ ಋತುವಿನ ಪ್ಲೇಆಫ್‌ನಲ್ಲಿ ಒರ್ಲ್ಯಾಂಡೊ ಮ್ಯಾಜಿಕ್ ಎದುರು ತಂಡ ಸೋತಿತು. ಜೋರ್ಡನ್ ಕಾಲ ಮುಗಿಯಿತೇ ಎಂಬ ಮಾತು ಎದ್ದಿತು.

ಚಿತ್ರೀಕರಣ ನಡೆದದ್ದು ಆ ಸೋಲಿನ ಬೆನ್ನಿಗೆ, 1995ರ ಬೇಸಿಗೆಯಲ್ಲಿ. ಕಥೆ ಅವರ ಬದುಕಿನ ಅದೇ ಖಾಲಿ ಜಾಗದಲ್ಲಿ ಬಂದು ಕೂರುತ್ತದೆ. ಆಟ ಬಿಟ್ಟು ಬೇಸ್‌ಬಾಲ್‌ನಲ್ಲಿ ಎಡವುತ್ತಿರುವ ಜೋರ್ಡನ್ ಅವರನ್ನು ಬಗ್ಸ್ ಬನ್ನಿ ಸೇರಿದಂತೆ ಲೂನಿ ಟ್ಯೂನ್ಸ್ ಕಾರ್ಟೂನ್ ಪಾತ್ರಗಳು ತಮ್ಮ ಲೋಕಕ್ಕೆ ಎಳೆದುಕೊಳ್ಳುತ್ತವೆ. ಬೇರೆ ಗ್ರಹದ ಮನರಂಜನಾ ಪಾರ್ಕಿನ ಮಾಲೀಕನೊಬ್ಬ ಈ ಪಾತ್ರಗಳನ್ನು ಗುಲಾಮರನ್ನಾಗಿ ಮಾಡಿಕೊಳ್ಳಲು ಹೊರಟಿದ್ದಾನೆ. ಬ್ಯಾಸ್ಕೆಟ್‌ಬಾಲ್ ಪಂದ್ಯ ಗೆದ್ದರೆ ಮಾತ್ರ ಅವುಗಳಿಗೆ ಬಿಡುಗಡೆ. ನಾವು ಸತ್ತವರನ್ನು ಮರೆತು ಆಟಕ್ಕೆ ಮರಳುವುದು ಹೇಗೆ ಎಂಬ ಭಾರವಾದ ಪ್ರಶ್ನೆಯನ್ನು ಚಿತ್ರ ಎಲ್ಲೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಹಿತ್ತಲಿನ ಆ ದೃಶ್ಯದಲ್ಲಿ ಅಪ್ಪನನ್ನು ಕಂಡ ಪ್ರೇಕ್ಷಕರಿಗೆ ಅವರು ಈಗ ಇಲ್ಲ ಎನ್ನುವುದು ಗೊತ್ತಿತ್ತು. ಜೋರ್ಡನ್ ಬೇಸ್‌ಬಾಲ್ ಆಡಿದ್ದೇಕೆ, ಮರಳಿದ್ದೇಕೆ ಎಂಬುದಕ್ಕೆ ಮಕ್ಕಳು ನಗುವಂಥ ಒಂದು ಕಲ್ಪಿತ ಕಾರಣ ಕೊಟ್ಟದ್ದೇ ಈ ಚಿತ್ರದ ದೊಡ್ಡ ಜಾಣತನ.

ಉಳಿದ ಆಟಗಾರರೂ ಮನಸ್ಸು ಬಿಚ್ಚಿ ಸಹಕರಿಸಿದರು. ಚಾರ್ಲ್ಸ್ ಬಾರ್ಕ್ಲಿ, ಪ್ಯಾಟ್ರಿಕ್ ಯೂಯಿಂಗ್, ಲ್ಯಾರಿ ಜಾನ್ಸನ್, ಮಗ್ಸಿ ಬೋಗ್ಸ್, ಶಾನ್ ಬ್ರ್ಯಾಡ್ಲಿ, ಈ ಐವರ ಪ್ರತಿಭೆಯನ್ನು ಪಾರ್ಕಿನ ಮಾಲೀಕ ಕಳಿಸಿದ ಪುಟಾಣಿ ಏಲಿಯನ್‌ಗಳು ಕದ್ದು ದೈತ್ಯರಾಗುತ್ತವೆ. ಆಟವೇ ಮರೆತುಹೋದ ಈ ಮಹಾನ್ ಆಟಗಾರರು ವೈದ್ಯರ ಬಳಿ, ಮನಃಶಾಸ್ತ್ರಜ್ಞರ ಬಳಿ ಅಲೆಯುತ್ತಾರೆ. ಬಾರ್ಕ್ಲಿಯನ್ನು ಬೀದಿಯಲ್ಲಿ ಆಡುವ ಹುಡುಗಿಯರು ಸೋಲಿಸಿ, ನೀನು ಬರೀ ಅವನ ಹಾಗೆ ಕಾಣುತ್ತೀಯ ಅಷ್ಟೇ ಎಂದು ಓಡಿಸುತ್ತಾರೆ. ತಮ್ಮ ಆಟದ ಉತ್ತುಂಗದಲ್ಲಿದ್ದವರು ತಮ್ಮನ್ನೇ ನಗೆಗೆ ಒಡ್ಡಿಕೊಂಡದ್ದರಿಂದ ಚಿತ್ರಕ್ಕೆ ಆತ್ಮೀಯತೆ ಬಂತು.

ಸೆಟ್ಟಿನಲ್ಲಿ ಜೋರ್ಡನ್ ಎದುರಿಸಿದ ಕಷ್ಟವೇ ಬೇರೆ. ಅವರ ಮುಂದೆ ಬಗ್ಸ್ ಇರಲಿಲ್ಲ, ಡ್ಯಾಫಿ ಇರಲಿಲ್ಲ. ಸುತ್ತಲೂ ಹಸಿರು ಗೋಡೆ, ಹಸಿರು ನೆಲ. ತಲೆಯಿಂದ ಕಾಲಿನವರೆಗೆ ಹಸಿರು ಉಡುಪು ತೊಟ್ಟ ಹಾಸ್ಯನಟರು ಕಾರ್ಟೂನ್ ಪಾತ್ರಗಳ ಜಾಗದಲ್ಲಿ ನಿಂತು ಮಾತು ಹೇಳುತ್ತಿದ್ದರು. ಕೆಲವರು ಮೊಣಕಾಲೂರಿಯೇ ಓಡಾಡುತ್ತಿದ್ದರು. ಇಲ್ಲದ ಮೊಲದ ಕಣ್ಣು ಎಷ್ಟು ಎತ್ತರದಲ್ಲಿದೆ ಎಂದು ಊಹಿಸಿ ಅಲ್ಲಿಗೆ ದೃಷ್ಟಿ ನೆಡಬೇಕಿತ್ತು. ಅರ್ಧ ಇಂಚು ತಪ್ಪಿದರೂ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿರುವಂತೆ ಕಾಣುತ್ತದೆ. ಆಮೇಲೆ ಚಿತ್ರಕಾರರು ಪ್ರತಿ ಚೌಕಟ್ಟಿನಲ್ಲೂ ಪಾತ್ರವನ್ನು ಕೈಯಿಂದ ಬಿಡಿಸಿ, ಕಂಪ್ಯೂಟರಿನಲ್ಲಿ ನೆರಳು ಬೆಳಕು ಹೊಂದಿಸಿ, ಜೋರ್ಡನ್ ಪಕ್ಕಕ್ಕೆ ಕೂರಿಸಬೇಕಿತ್ತು.

ಹಗಲೆಲ್ಲ ಹೀಗೆ ದುಡಿದ ಜೋರ್ಡನ್ ಸಂಜೆ ಅಭ್ಯಾಸಕ್ಕೆ ಇಳಿಯುತ್ತಿದ್ದರು. ಅವರ ಷರತ್ತಿನಂತೆ ವಾರ್ನರ್ ಬ್ರದರ್ಸ್ ಬರ್ಬ್ಯಾಂಕ್‌ನ ಸ್ಟುಡಿಯೊ ಆವರಣದಲ್ಲೇ ಒಂದು ಬ್ಯಾಸ್ಕೆಟ್‌ಬಾಲ್ ಅಂಗಳ ಕಟ್ಟಿಸಿ, ಮೇಲೆ ಗುಮ್ಮಟದಂಥ ಹೊದಿಕೆ ಹಾಕಿತ್ತು. ಎನ್‌ಬಿಎಯ ಹೆಸರಾಂತ ಆಟಗಾರರು ಅಲ್ಲಿಗೆ ಬಂದು ಅವರ ಎದುರು ಆಡುತ್ತಿದ್ದರು. 2020ರ ‘ದ ಲಾಸ್ಟ್ ಡ್ಯಾನ್ಸ್’ ಸಾಕ್ಷ್ಯಚಿತ್ರದಲ್ಲಿ ಆ ದಿನಗಳ ನೆನಪುಗಳಿವೆ. ಅದರ ಫಲ ಬೇಗನೇ ಕಂಡಿತು: 1995-96ರ ಋತುವಿನಲ್ಲಿ ಬುಲ್ಸ್ 82 ಪಂದ್ಯಗಳಲ್ಲಿ 72 ಗೆದ್ದು, ಆವರೆಗಿನ ದಾಖಲೆ ಮುರಿದು ಚಾಂಪಿಯನ್ ಆಯಿತು. ಚಿತ್ರ ತೆರೆಗೆ ಬರುವ ಹೊತ್ತಿಗೆ ಪರದೆಯ ಮೇಲಿನ ಕಥೆ ಅಂಗಳದಲ್ಲಿ ನಿಜವಾಗಿತ್ತು.

ಪಂದ್ಯದ ಮಧ್ಯಂತರದ ದೃಶ್ಯ ಇಂದಿಗೂ ಹಳತಾಗಿಲ್ಲ. ಲೂನಿ ಟ್ಯೂನ್ಸ್ ತಂಡವಾದ ಟ್ಯೂನ್ ಸ್ಕ್ವಾಡ್ 18, ದೈತ್ಯ ಏಲಿಯನ್‌ಗಳ ತಂಡ ಮಾನ್‌ಸ್ಟಾರ್ಸ್ 66. ಆಟಗಾರರೆಲ್ಲ ಮೂಳೆ ಮುರಿದು ಮೂಲೆ ಹಿಡಿದಿದ್ದಾರೆ. ಬಗ್ಸ್ ಬನ್ನಿ ಒಂದು ಬಾಟಲಿಗೆ ನಲ್ಲಿ ನೀರು ತುಂಬಿ, ಮೈಕೆಲ್‌ನ ಗುಟ್ಟಿನ ಮದ್ದು ಎಂದು ಅದರ ಮೇಲೆ ಬರೆದು ಎಲ್ಲರಿಗೂ ಹಂಚುತ್ತಾನೆ. ಕುಡಿದವರ ತೋಳು ಉಬ್ಬುತ್ತದೆ, ಎದೆ ಸೆಟೆಯುತ್ತದೆ, ಆಟವೇ ತಿರುಗುತ್ತದೆ. ಬಲದಿಂದಲ್ಲದೆ ಯುಕ್ತಿಯಿಂದ ಗೆಲ್ಲುವುದು ಬಗ್ಸ್‌ನ ಹುಟ್ಟುಗುಣ. 1940ರ ‘ಎ ವೈಲ್ಡ್ ಹೇರ್’ನಿಂದಲೂ ಅವನು ಹೀಗೆಯೇ. ಕಡೆಯ ಕ್ಷಣದಲ್ಲಿ ಜೋರ್ಡನ್ ಅವರ ತೋಳು ರಬ್ಬರಿನಂತೆ ಅರ್ಧ ಅಂಗಳದುದ್ದಕ್ಕೆ ಚಾಚಿ ಚೆಂಡನ್ನು ಬ್ಯಾಸ್ಕೆಟ್‌ಗೆ ಇಳಿಸುತ್ತದೆ. 78-77. ಕಾರ್ಟೂನ್ ಲೋಕದ ನಿಯಮವನ್ನು ಮನುಷ್ಯನೊಬ್ಬ ಕಲಿತುಕೊಂಡ ಗಳಿಗೆ ಅದು.

ಚಿತ್ರದಲ್ಲಿ ಹುಳುಕುಗಳಿದ್ದವು. ಲೂನಿ ಟ್ಯೂನ್ಸ್‌ನ ಹಿರಿಯ ನಿರ್ದೇಶಕ ಚಕ್ ಜೋನ್ಸ್ ಅವರಿಗೆ ಇದು ಹಿಡಿಸಲಿಲ್ಲ. ಏಲಿಯನ್‌ಗಳನ್ನು ಮಣಿಸಲು ಬಗ್ಸ್‌ಗೆ ಇನ್ನೊಬ್ಬರ ನೆರವೇಕೆ ಎಂಬುದು ಅವರ ತಕರಾರು. ಅದಕ್ಕೆ ಆಧಾರವೂ ಇದೆ. ಫ್ರಿಜ್ ಫ್ರೆಲೆಂಗ್ ನಿರ್ದೇಶಿಸಿದ 1946ರ ‘ಬೇಸ್‌ಬಾಲ್ ಬಗ್ಸ್’ ಎಂಬ ಕಿರುಚಿತ್ರದಲ್ಲಿ ಬಗ್ಸ್ ಒಬ್ಬನೇ ಇಡೀ ತಂಡವಾಗಿ ಆಡಿ ದಾಂಡಿಗರನ್ನು ಸೋಲಿಸುತ್ತಾನೆ. ಅದಕ್ಕೆ ಹೋಲಿಸಿದರೆ ‘ಸ್ಪೇಸ್ ಜ್ಯಾಮ್’ನ ಬಗ್ಸ್ ಹಲವು ಕಡೆ ಅತಿಥಿಯ ಆತಿಥ್ಯಕ್ಕೆ ನಿಂತಂತೆ ಕಾಣುತ್ತಾನೆ. ಇತ್ತ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ಮೂರೂವರೆ ನಕ್ಷತ್ರ ಕೊಟ್ಟು ಮೆಚ್ಚಿದರು. ಎರಡೂ ಅಭಿಪ್ರಾಯ ಸರಿ. ಲೂನಿ ಟ್ಯೂನ್ಸ್ ಚಿತ್ರವಾಗಿ ಇದು ಸಾಧಾರಣ. ಜೋರ್ಡನ್ ಕಾಲದ ಚಿತ್ರವಾಗಿ ಇದಕ್ಕೆ ಸಾಟಿಯಿಲ್ಲ.

ಗೆದ್ದ ಚಿತ್ರದ ಬೆನ್ನಿಗೆ ಎರಡನೆಯದನ್ನು ತರುವ ಹವಣಿಕೆ ಕೂಡಲೇ ಶುರುವಾಯಿತು. ಬರ್ಸರ್ಕೊ ಎಂಬ ಹೊಸ ಖಳನ ಚಿತ್ರಗಳೂ ತಯಾರಾದವು. ಆದರೆ ಜೋರ್ಡನ್ ಒಪ್ಪಲಿಲ್ಲ. ಆಮೇಲೆ ನಾಯಕನನ್ನು ಬದಲಿಸಿ ನೋಡುವ ಆಲೋಚನೆಗಳು ಸಾಲುಗಟ್ಟಿದವು: ಜಾಕಿ ಚಾನ್ ಅವರೊಂದಿಗೆ ‘ಸ್ಪೈ ಜ್ಯಾಮ್’, ಕಾರ್ ರೇಸಿನ ಜೆಫ್ ಗಾರ್ಡನ್ ಅವರೊಂದಿಗೆ ‘ರೇಸ್ ಜ್ಯಾಮ್’, ಸ್ಕೇಟ್‌ಬೋರ್ಡಿನ ಟೋನಿ ಹಾಕ್ ಅವರೊಂದಿಗೆ ‘ಸ್ಕೇಟ್ ಜ್ಯಾಮ್’. ‘ಸ್ಪೈ ಜ್ಯಾಮ್’ ಕಥೆಯೇ ಬದಲಾಗುತ್ತ ಹೋಗಿ ಜೋ ಡಾಂಟೆ ನಿರ್ದೇಶನದ ‘ಲೂನಿ ಟ್ಯೂನ್ಸ್: ಬ್ಯಾಕ್ ಇನ್ ಆ್ಯಕ್ಷನ್’ ಎಂದು 2003ರಲ್ಲಿ ಹೊರಬಂತು. ಪಾತ್ರಗಳ ಸ್ವಭಾವವನ್ನು ‘ಸ್ಪೇಸ್ ಜ್ಯಾಮ್’ಗಿಂತ ಚೆನ್ನಾಗಿ ಅರಿತಿದ್ದ ಚಿತ್ರ ಅದು. 8 ಕೋಟಿ ಡಾಲರ್ ಹೂಡಿದ್ದಕ್ಕೆ 7 ಕೋಟಿಯೂ ಬರಲಿಲ್ಲ. ಟೋನಿ ಹಾಕ್ ಚಿತ್ರಕ್ಕೂ ಅಲ್ಲಿಗೇ ಎಳ್ಳುನೀರು ಬಿಟ್ಟರು.

ಈ ನಡುವೆ ಮೊದಲ ಚಿತ್ರದ ಅಭಿಮಾನಿ ಬಳಗ ತಾನಾಗಿಯೇ ಬೆಳೆಯಿತು. ವಿಡಿಯೊ ಕ್ಯಾಸೆಟ್, ಟಿವಿ ಮರುಪ್ರಸಾರಗಳಿಂದ ಹೊಸ ಮಕ್ಕಳೂ ಅದನ್ನು ನೋಡಿದರು. ಹಾಡುಗಳ ಆಲ್ಬಂ ಅಮೆರಿಕ ಒಂದರಲ್ಲೇ 60 ಲಕ್ಷದಷ್ಟು ಮಾರಾಟವಾಗಿತ್ತು. 1996ರಲ್ಲಿ ಪ್ರಚಾರಕ್ಕಾಗಿ ಮಾಡಿದ್ದ ಅಂತರ್ಜಾಲ ತಾಣ ಅದೇ ಹಳೆಯ ರೂಪದಲ್ಲಿ ಉಳಿದುಕೊಂಡದ್ದೂ ಒಂದು ಕುತೂಹಲವಾಯಿತು. ಕರ್ನಾಟಕದ ಮಕ್ಕಳಿಗೆ ಈ ಪಾತ್ರಗಳು ಗುರುತಾದದ್ದು ಮುಖ್ಯವಾಗಿ ಟಿವಿಯಿಂದ. 1995ರಲ್ಲಿ ಭಾರತಕ್ಕೆ ಕಾಲಿಟ್ಟ ಕಾರ್ಟೂನ್ ನೆಟ್‌ವರ್ಕ್ ಕೇಬಲ್ ಇದ್ದ ಮನೆಗಳಿಗೆಲ್ಲ ಬಗ್ಸ್, ಡ್ಯಾಫಿ, ರೋಡ್‌ರನ್ನರ್‌ಗಳನ್ನು ತಂದಿತು. ಇಂಗ್ಲಿಷ್ ಅರ್ಥವಾಗದಿದ್ದರೂ ಬಂಡೆಯ ಕೆಳಗೆ ಅಪ್ಪಚ್ಚಿಯಾಗುವ ತೋಳವನ್ನು ನೋಡಿ ನಗಲು ಅಡ್ಡಿಯಿರಲಿಲ್ಲ.

ಕೊನೆಗೂ ‘ಸ್ಪೇಸ್ ಜ್ಯಾಮ್: ಎ ನ್ಯೂ ಲೆಗಸಿ’ 2021ರ ಜುಲೈ 16ರಂದು ಬಿಡುಗಡೆಯಾಯಿತು. ನಾಯಕ ಬ್ಯಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್. ನಿರ್ದೇಶನ ಶುರು ಮಾಡಿದ ಟೆರೆನ್ಸ್ ನಾನ್ಸ್ ಚಿತ್ರೀಕರಣದ ನಡುವೆ ಹೊರನಡೆದು ಮಾಲ್ಕಮ್ ಡಿ. ಲೀ ಬಂದಿದ್ದರು. ಚಿತ್ರಕಥೆಗೆ ಆರು ಮಂದಿಯ ಹೆಸರಿತ್ತು. 15 ಕೋಟಿ ಡಾಲರ್ ಖರ್ಚಿಗೆ ಚಿತ್ರಮಂದಿರಗಳಲ್ಲಿ ಬಂದದ್ದು ಸುಮಾರು 16 ಕೋಟಿ. ಅದರಲ್ಲಿ ಚಿತ್ರಮಂದಿರಗಳ ಪಾಲು ಕಳೆಯಬೇಕು. ಕೋವಿಡ್ ಕಾಲ ಮತ್ತು ಅದೇ ದಿನ ಎಚ್‌ಬಿಒ ಮ್ಯಾಕ್ಸ್‌ನಲ್ಲೂ ಬಿಟ್ಟದ್ದು ಗಳಿಕೆಗೆ ಪೆಟ್ಟು ಕೊಟ್ಟವು ಎನ್ನುವುದು ನಿಜ. ಆದರೆ ವಿಮರ್ಶಕರ ಅಸಮಾಧಾನಕ್ಕೆ ಕೋವಿಡ್ ಕಾರಣವಲ್ಲ. ಕಳಪೆ ಚಿತ್ರಗಳಿಗೆ ಕೊಡುವ ರ‍್ಯಾಜಿ ‘ಪ್ರಶಸ್ತಿ’ಗಳಲ್ಲಿ ಮೂರು ಇದರ ಪಾಲಾದವು.

ಎಡವಿದ್ದೆಲ್ಲಿ ಎನ್ನುವುದಕ್ಕೆ ಚಿತ್ರದ ನಡುಭಾಗವನ್ನು ನೋಡಿದರೆ ಸಾಕು. ವಾರ್ನರ್ ಕಂಪನಿಯ ಕಂಪ್ಯೂಟರಿನೊಳಗೆ ಸಿಕ್ಕಿಬಿದ್ದ ಲೆಬ್ರಾನ್, ಲೂನಿ ಟ್ಯೂನ್ಸ್ ಗೆಳೆಯರನ್ನು ಹುಡುಕುತ್ತ ‘ಕಾಸಾಬ್ಲಾಂಕಾ’, ‘ಮ್ಯಾಟ್ರಿಕ್ಸ್’, ‘ಮ್ಯಾಡ್ ಮ್ಯಾಕ್ಸ್’ ಚಿತ್ರಗಳ ಲೋಕದಲ್ಲಿ ಅಲೆಯಬೇಕು. ಪಂದ್ಯ ನೋಡಲು ಬಂದ ಜನಸಂದಣಿಯಲ್ಲೂ ಅದೇ ಕಂಪನಿಯ ಹಳೆಯ ಚಿತ್ರಗಳ ಪಾತ್ರಗಳು. ಕಣ್ಣು ಆಟದ ಕಡೆ ಹೋಗದೆ ಗುಂಪಿನಲ್ಲಿ ಯಾರಿದ್ದಾರೆ ಎಂದು ಹುಡುಕತೊಡಗುತ್ತದೆ. ಪಂದ್ಯ ಶುರುವಾಗುವ ಹೊತ್ತಿಗೆ ಬಗ್ಸ್ ಮತ್ತವನ ಬಳಗವನ್ನು ಕೈಯಿಂದ ಬಿಡಿಸಿದ ರೇಖೆಯಿಂದ ಕಂಪ್ಯೂಟರಿನ ತ್ರೀಡಿ ರೂಪಕ್ಕೆ ಬದಲಿಸಲಾಗುತ್ತದೆ. ತುಪ್ಪಳದ ಕೂದಲು ಕೂದಲೂ ಕಾಣುತ್ತದೆ, ಆದರೆ ಎಳೆದರೆ ಉದ್ದವಾಗುವ, ಹೊಡೆದರೆ ಚಪ್ಪಟೆಯಾಗುವ ಆ ಹಗುರ ಮೈ ಮಾಯವಾಗುತ್ತದೆ. ಬಿಡಿಸಿದ ಗೆರೆಯೇ ಈ ಪಾತ್ರಗಳ ಜೀವ ಎನ್ನುವುದನ್ನು ಚಿತ್ರ ಮರೆತಿತ್ತು.

ಕಥೆಗೆ ಅಪ್ಪ ಮಗನ ಎಳೆ ಇತ್ತು. ಮಗನಿಗೆ ವಿಡಿಯೊ ಗೇಮ್ ರೂಪಿಸುವ ಆಸೆ, ಅಪ್ಪನಿಗೆ ಅವನನ್ನು ಬ್ಯಾಸ್ಕೆಟ್‌ಬಾಲ್ ಆಟಗಾರನನ್ನಾಗಿ ಮಾಡುವ ಹಟ. ಆದರೆ ತೆರೆಯ ಮೇಲಿನ ಡಾಮ್ ಕಲ್ಪಿತ ಮಗ. ಲೆಬ್ರಾನ್ ಅವರ ಬದುಕಿನ ನಿಜವಾದ ಕಥೆ ಇನ್ನೂ ನಡೆಯಬೇಕಿತ್ತು. 2023ರ ಜುಲೈನಲ್ಲಿ ಅವರ ಹಿರಿಯ ಮಗ ಬ್ರಾನಿ ಅಭ್ಯಾಸದ ವೇಳೆ ಹೃದಯಸ್ತಂಭನವಾಗಿ ಕುಸಿದರು. ಚೇತರಿಸಿಕೊಂಡು ಮತ್ತೆ ಅಂಗಳಕ್ಕೆ ಬಂದರು. 2024ರ ಅಕ್ಟೋಬರ್ 22ರಂದು ಲಾಸ್ ಏಂಜಲೀಸ್ ಲೇಕರ್ಸ್ ಪರವಾಗಿ ಅಪ್ಪ ಮಗ ಇಬ್ಬರೂ ಒಟ್ಟಿಗೆ ಅಂಗಳಕ್ಕಿಳಿದರು. ಎನ್‌ಬಿಎ ಇತಿಹಾಸದಲ್ಲಿ ಇಂಥದ್ದು ಅದೇ ಮೊದಲು. ಜೋರ್ಡನ್ ಚಿತ್ರ ಅವರ ಬದುಕಿನ ಘಟನೆ ನಡೆದ ಮೇಲೆ ಬಂತು. ಲೆಬ್ರಾನ್ ಚಿತ್ರ ಆ ಘಟನೆಗಿಂತ ಮೂರು ವರ್ಷ ಮೊದಲೇ ಬಂದುಬಿಟ್ಟಿತು. ಮೊದಲನೆಯದರಲ್ಲಿ ಕಾರ್ಟೂನಿನ ಕೆಳಗೆ ಒಂದು ನಿಜವಾದ ಬದುಕಿತ್ತು, ಎರಡನೆಯದರಲ್ಲಿ ಆ ಜಾಗ ತೆರವಾಗಿತ್ತು. ಎರಡು ಚಿತ್ರಗಳ ನಡುವಿನ ಅಂತರಕ್ಕೆ ಮುಖ್ಯ ಕಾರಣ ಇದೇ.

ಮುಂದಿನ ಭಾಗವೇ ಬೇಡ ಎನ್ನುವವರಿಗೆ ಒಳ್ಳೆಯ ನಿದರ್ಶನವಿದೆ. 1988ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಮನುಷ್ಯರನ್ನೂ ಕಾರ್ಟೂನುಗಳನ್ನೂ ಬೆಸೆದ ಚಿತ್ರಗಳಲ್ಲೇ ಶ್ರೇಷ್ಠವಾದದ್ದು. ಬಗ್ಸ್ ಬನ್ನಿ ಮತ್ತು ಮಿಕ್ಕಿ ಮೌಸ್ ಒಂದೇ ದೃಶ್ಯದಲ್ಲಿ ಕಾಣಿಸಿಕೊಂಡದ್ದೂ ಅದರಲ್ಲಿಯೇ. ಎರಡನೆಯ ಭಾಗಕ್ಕೆ ಕಥೆ ಬರೆಸಿದ್ದರೂ ಅದು ಚಿತ್ರವಾಗಲಿಲ್ಲ. ಅದರಿಂದ ಮೊದಲ ಚಿತ್ರದ ಗೌರವಕ್ಕೆ ಏನೂ ಕುಂದು ಬರಲಿಲ್ಲ. ಆದರೆ ‘ರೋಜರ್ ರ‍್ಯಾಬಿಟ್’ ತನ್ನಷ್ಟಕ್ಕೆ ಮುಗಿದ ಪತ್ತೇದಾರಿ ಕಥೆ. ‘ಸ್ಪೇಸ್ ಜ್ಯಾಮ್’ ಹಾಗಲ್ಲ. ತಲೆಮಾರಿಗೊಬ್ಬ ದೊಡ್ಡ ಆಟಗಾರ ಬರುತ್ತಾನೆ, ಅವನ ಬದುಕಿಗೊಂದು ತಿರುವು ಇರುತ್ತದೆ, ಅಲ್ಲಿಗೆ ಕಾರ್ಟೂನ್ ಬಳಗ ಬಂದು ನಿಲ್ಲಬಹುದು. ಈ ಚೌಕಟ್ಟಿಗೆ ಹೊಸ ಮುಖ ಒಗ್ಗುತ್ತದೆ. ಹಾಗಾಗಿ ಮೂರನೆಯ ಚಿತ್ರಕ್ಕೆ ಬಾಗಿಲು ಮುಚ್ಚಬೇಕಾಗಿಲ್ಲ.

ಆ ಮುಖ ಈ ಸಲ ಮಹಿಳೆಯದಾಗಬೇಕು. 1996ರಲ್ಲಿ ಟ್ಯೂನ್ ಸ್ಕ್ವಾಡ್‌ಗೆಂದೇ ಹುಟ್ಟಿದ ಹೊಸ ಪಾತ್ರ ಲೋಲಾ ಬನ್ನಿ. ತಂಡದ ಕಾರ್ಟೂನುಗಳಲ್ಲಿ ಆಟ ಬಲ್ಲವಳು ಅವಳೇ. ಆದರೂ ಚಿತ್ರ ಅವಳ ಆಟಕ್ಕಿಂತ ಮೈಮಾಟವನ್ನೇ ಹೆಚ್ಚು ತೋರಿಸಿತು. 2021ರಲ್ಲಿ ಅವಳ ರೂಪ ಬದಲಿಸಿದ್ದಕ್ಕೆ ಗಲಾಟೆಯಾಯಿತು, ಮಾಡಲು ಕೆಲಸ ಮಾತ್ರ ಹೆಚ್ಚು ಸಿಗಲಿಲ್ಲ. ಈ ಹೊತ್ತಿಗೆ ಹೊರಗಿನ ಜಗತ್ತು ಎಷ್ಟೋ ಮುಂದೆ ಹೋಗಿದೆ. 2024ರ ಏಪ್ರಿಲ್‌ನಲ್ಲಿ ಸೌತ್ ಕೆರೊಲಿನಾ ಮತ್ತು ಕೇಟ್ಲಿನ್ ಕ್ಲಾರ್ಕ್ ಆಡಿದ ಐಯೊವಾ ತಂಡಗಳ ನಡುವಿನ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್ ಪಂದ್ಯವನ್ನು ಅಮೆರಿಕದಲ್ಲಿ ಸರಾಸರಿ 1.8 ಕೋಟಿಗೂ ಹೆಚ್ಚು ಜನ ಟಿವಿಯಲ್ಲಿ ನೋಡಿದರು. ಅದೇ ವರ್ಷದ ಪುರುಷರ ಫೈನಲ್‌ಗೆ ಸಿಕ್ಕವರು ಒಂದೂವರೆ ಕೋಟಿಗಿಂತ ಕಡಿಮೆ. ಮಹಿಳಾ ಫೈನಲ್ ಪುರುಷರದ್ದನ್ನು ಮೀರಿಸಿದ್ದು ಅದೇ ಮೊದಲು. 1992ರಲ್ಲಿ ಜೋರ್ಡನ್ ಸುತ್ತ ಇದ್ದ ಬಿಸಿ ಈಗ ಇರುವುದು ಅಲ್ಲಿ.

ಎರಡನೆಯ ಷರತ್ತು ಕೈಯಿಂದ ಬಿಡಿಸಿದ ಅನಿಮೇಷನ್. ಅದು ದುಬಾರಿ, ಹಳೆಯ ಕಾಲದ್ದು ಎಂಬ ವಾದ ನಿಲ್ಲುವುದಿಲ್ಲ. ‘ದ ಡೇ ದ ಅರ್ಥ್ ಬ್ಲ್ಯೂ ಅಪ್’ ಎಂಬ, ಕೈಯಿಂದ ಬಿಡಿಸಿದ ಲೂನಿ ಟ್ಯೂನ್ಸ್ ಚಿತ್ರ 2025ರಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂತು. ಅದರಲ್ಲಿ ಕ್ರೀಡಾತಾರೆ ಇಲ್ಲ, ಬಗ್ಸ್ ಕೂಡ ಇಲ್ಲ. ಡ್ಯಾಫಿ ಮತ್ತು ಪೋರ್ಕಿ ಇಬ್ಬರೇ ಚಿತ್ರವನ್ನು ಹೊರುತ್ತಾರೆ, ನಗಿಸುತ್ತಾರೆ, ವಿಮರ್ಶಕರ ಮೆಚ್ಚುಗೆಯನ್ನೂ ಗಳಿಸಿದರು. ಅದನ್ನು ಹಂಚಿದ್ದು ಕೆಚಮ್ ಎಂಬ ಸಣ್ಣ ಕಂಪನಿ. ಮುಗಿದಿದ್ದ ‘ಕಯೋಟಿ ವರ್ಸಸ್ ಆಕ್ಮೆ’ ಚಿತ್ರವನ್ನು ವಾರ್ನರ್ 2023ರಲ್ಲಿ ತೆರಿಗೆ ಲೆಕ್ಕಾಚಾರಕ್ಕಾಗಿ ಕಪಾಟಿಗೆ ಸೇರಿಸಲು ಹೊರಟಾಗ, ಕಲಾವಿದರೂ ಪ್ರೇಕ್ಷಕರೂ ಪ್ರತಿಭಟಿಸಿದರು. 2025ರಲ್ಲಿ ಅದನ್ನು ಕೊಂಡುಕೊಂಡದ್ದೂ ಇದೇ ಕೆಚಮ್.

ವಾರ್ನರ್‌ಗೆ ಮೂರನೆಯ ಚಿತ್ರಕ್ಕೆ ಮೊದಲು ಮಾಡಲು ಒಂದು ಕೆಲಸವಿದೆ. ಲೂನಿ ಟ್ಯೂನ್ಸ್‌ನ ಹಳೆಯ ಕಿರುಚಿತ್ರಗಳನ್ನು ಕಂಪನಿ 2025ರ ಮಾರ್ಚ್‌ನಲ್ಲಿ ಅಮೆರಿಕದ ತನ್ನದೇ ಸ್ಟ್ರೀಮಿಂಗ್ ವೇದಿಕೆಯಿಂದ ತೆಗೆದುಹಾಕಿತು. 1996ರ ಮಕ್ಕಳು ಚಿತ್ರಮಂದಿರಕ್ಕೆ ಹೋದಾಗ ಬಗ್ಸ್ ಯಾರು, ಡ್ಯಾಫಿಗೆ ಅವನ ಮೇಲೆ ಹೊಟ್ಟೆಕಿಚ್ಚೇಕೆ, ಎಲ್ಮರ್ ಫಡ್ ಬಂದೂಕು ಹಿಡಿದು ಅಲೆಯುವುದೇಕೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮನೆಯ ಟಿವಿಯೇ ಕಲಿಸಿತ್ತು. ಆ ಪರಿಚಯವಿಲ್ಲದ ಇಂದಿನ ಮಗುವಿಗೆ ಟ್ಯೂನ್ ಸ್ಕ್ವಾಡ್ ಎಂದರೆ ಯಾವುದೋ ಅಂಗಿಯ ಮೇಲಿನ ಚಿತ್ರ ಅಷ್ಟೇ. ಆರೇಳು ನಿಮಿಷದ ಆ ಕಿರುಚಿತ್ರಗಳನ್ನು ಮಕ್ಕಳಿಗೆ ಸುಲಭವಾಗಿ ಸಿಗುವಂತೆ ಮಾಡಿ, ಗೆರೆ ಎಳೆಯುವ ಕಲಾವಿದರನ್ನು ಕೆಲಸಕ್ಕೆ ಇಟ್ಟುಕೊಂಡು, ಹೇಳಲು ತನ್ನದೇ ಕಥೆಯಿರುವ ಆಟಗಾರ್ತಿಯೊಬ್ಬಳಿಗಾಗಿ ಕಾದರೆ ಮೂರನೆಯ ‘ಸ್ಪೇಸ್ ಜ್ಯಾಮ್’ ಖಂಡಿತ ಬರಲಿ. ಹಳೆಯ ಹೆಸರು, ಹಳೆಯ ಜೆರ್ಸಿ, ಹಳೆಯ ಹಾಡು ಇಷ್ಟನ್ನೇ ನಂಬಿ ಹೊರಡುವುದಾದರೆ ಆ 15 ಕೋಟಿ ಡಾಲರನ್ನು ಡ್ಯಾಫಿ ಮತ್ತು ಪೋರ್ಕಿಯ ಇನ್ನಷ್ಟು ಚಿತ್ರಗಳಿಗೆ ಹಂಚುವುದೇ ಸರಿ.